ವರ್ನಾ ಹೊಲೊವಾಚಳ ಮೊದಲ ತಿದ್ದುಪಡಿ

ವಿನಿಪೆಗ್ ನಗರದ ಉತ್ತರಕ್ಕೆ, ರೈಲು ಹಳಿಗಳ ಆಚೆಗಿನ ಹನ್ನೊಂದು ಬೀದಿಗಳಿಗೆಂದೇ ಒಂದು ಪತ್ರಿಕೆ ಇದೆ. ಹೆಸರು ‘ಹಿತ್ತಲ ಓಣಿ’. ನಾಲ್ಕು ಪುಟ, ವಾರಕ್ಕೊಂದು ಸಂಚಿಕೆ, ಆರುನೂರ ನಲವತ್ತು ಮನೆಬಾಗಿಲು. ಅದರ ಸಂಪಾದಕಿ, ವರದಿಗಾರ್ತಿ, ಕರಡು ತಿದ್ದುವವಳು, ಫೋಟೊ ತೆಗೆಯುವವಳು, ಮನೆಮನೆಗೆ ಹಂಚುವವಳು, ಓದುಗರು ಹೊಗಳಲು ಮರೆತ ವಾರ ತಾನೇ ಹೊಗಳಿಕೊಳ್ಳುವವಳು, ಎಲ್ಲ ಒಬ್ಬಳೇ: ವರ್ನಾ ಹೊಲೊವಾಚ್. ವಯಸ್ಸು ಅರುವತ್ತೊಂಬತ್ತು, ಎತ್ತರ ಐದಡಿ ಒಂದಂಗುಲ, ದನಿ ಅದಕ್ಕಿಂತ ಎತ್ತರ.

ದೊಡ್ಡ ಪತ್ರಿಕೆಗಳು ಎಲ್ಲಿ ಯಾವ ಸರಕಾರ ಬಿತ್ತೆಂದು ಬರೆಯುತ್ತವೆ. ‘ಹಿತ್ತಲ ಓಣಿ’ ಯಾರ ಮನೆಯ ಮೆಟ್ಟಿಲ ಮೇಲೆ ಯಾರು ಬಿದ್ದರು, ಆ ಮೆಟ್ಟಿಲಿಗೆ ಮರಳು ಎರಚಬೇಕಿದ್ದವರು ಯಾರು ಎಂದು ಬರೆಯುತ್ತದೆ. ಜನ ಯಾವುದನ್ನು ಮೊದಲು ಓದುತ್ತಾರೆಂದು ಬೇರೆ ಹೇಳಬೇಕಾಗಿಲ್ಲ.

ವರ್ನಾ ಇಪ್ಪತ್ತೆಂಟು ವರ್ಷ ನಗರದ ಬಸ್ಸು ಓಡಿಸಿದವಳು. ಅಷ್ಟು ವರ್ಷದಲ್ಲಿ ಒಂದು ದಿನವೂ ಹೊತ್ತಿಗೆ ಮೊದಲು ನಿಲ್ದಾಣ ಬಿಟ್ಟವಳಲ್ಲ, ಹೊತ್ತು ಮೀರಿ ಮುಟ್ಟಿದವಳಲ್ಲ. ನಿವೃತ್ತಿಯಾದ ಮೇಲೆ ಕೈಯಲ್ಲಿ ಸ್ಟಿಯರಿಂಗ್ ಇಲ್ಲದೆ ತಳಮಳವಾಗಿ ಪತ್ರಿಕೆ ಶುರುಮಾಡಿದಳು. ಅದನ್ನೂ ಬಸ್ಸಿನಂತೆಯೇ ನಡೆಸಿದಳು. ಹತ್ತೊಂಬತ್ತು ವರ್ಷದಲ್ಲಿ ‘ಹಿತ್ತಲ ಓಣಿ’ ಒಂದೇ ಒಂದು ತಿದ್ದುಪಡಿ ಪ್ರಕಟಿಸಿಲ್ಲ. ಮೊದಲ ಪುಟದಲ್ಲಿ, ಹೆಸರಿನ ಕೆಳಗೇ, ಇದನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಂಡಿದ್ದಾಳೆ. ಅಷ್ಟೇನೂ ಸಣ್ಣ ಅಕ್ಷರವಲ್ಲ.

ಇದರ ಹಿಂದಿರುವ ಗುಟ್ಟನ್ನೂ ಹೇಳಿಬಿಡಬೇಕು. ಒಮ್ಮೆ ಚರ್ಚಿನ ನೆಲಮಾಳಿಗೆಯಲ್ಲಿ ಶುಕ್ರವಾರ ಸಂಜೆ ಐದಕ್ಕೆ ಪೆರೋಗಿ ಊಟ ಎಂದು ಬರೆದಿದ್ದಳು. ಆಲೂಗಡ್ಡೆ ತುಂಬಿ ಬೇಯಿಸುವ ಈ ಕಡುಬಿಗೆ ಹನ್ನೊಂದು ಬೀದಿಯೂ ಬಾಯಿ ಬಿಡುತ್ತದೆ. ಮೂರು ಗಂಟೆಗೆ ಚರ್ಚಿನ ಒಲೆ ಕೆಟ್ಟಿತು. ವರ್ನಾ ಒಂಬೈನೂರು ಪೆರೋಗಿಗಳನ್ನು ತನ್ನ ಅಡುಗೆಮನೆಗೆ ಹೊರಿಸಿ, ಅಕ್ಕಪಕ್ಕದ ನಾಲ್ಕು ಮನೆಗಳ ಒಲೆ ವಶಪಡಿಸಿಕೊಂಡು, ಐದು ಗಂಟೆಗೆ ಸರಿಯಾಗಿ ಮೊದಲ ತಟ್ಟೆ ಮೇಜಿನ ಮೇಲಿಟ್ಟಳು. ಅಚ್ಚಾದದ್ದು ಸುಳ್ಳಾದರೆ ಅಚ್ಚನ್ನು ತಿದ್ದುವುದು ಬೇರೆ ಸಂಪಾದಕರ ಪದ್ಧತಿ. ಲೋಕವನ್ನೇ ತಿದ್ದುವುದು ವರ್ನಾಳ ಪದ್ಧತಿ.

ಈ ಪರಾಕ್ರಮಕ್ಕೆಲ್ಲ ಸಾರಥಿ ಆಕೆಯ ಗಂಡ, ಮೆಟ್ರೊ. ಉಕ್ರೇನಿನಿಂದ ಬಂದ ಅಜ್ಜಂದಿರ ಕಾಲದಿಂದಲೂ ಈ ಬೀದಿಗಳಲ್ಲಿ ದಿಮಿತ್ರೊ ಎಂಬ ಹೆಸರು ಸವೆದು ಸವೆದು ಮೆಟ್ರೊ ಆಗುತ್ತದೆ. ದಿನಕ್ಕೆ ನಲವತ್ತು ಮಾತು ಆಡುವ ಮನುಷ್ಯ. ಅದರಲ್ಲಿ ಮೂವತ್ತು ಕಾರಿನ ಜೊತೆ, ಚಳಿಗೆ ಸ್ಟಾರ್ಟ್ ಆಗದಿದ್ದಾಗ.

ವರ್ನಾಳ ಜೀವನದಲ್ಲಿ ಇನ್ನೊಂದು ಘಟನೆ ಇದೆ. ಅದನ್ನು ಆಕೆ ಪತ್ರಿಕೆಯಲ್ಲಿ ಹಾಕಿಲ್ಲ, ಊರೇ ಬಾಯಿಪಾಠ ಮಾಡಿಕೊಂಡಿದೆ. ಚಳಿಗಾಲದಲ್ಲಿ ಇಲ್ಲಿನವರು ಕರ್ಲಿಂಗ್ ಆಡುತ್ತಾರೆ. ಒಬ್ಬರು ಐಸಿನ ಮೇಲೆ ಭಾರದ ಗುಂಡುಕಲ್ಲು ಜಾರಿಸಿ ಬಿಡುವುದು, ಜೊತೆಗಾರರು ಪೊರಕೆ ಹಿಡಿದು ಅದರ ಮುಂದೆ ಮುಂದೆ ಉಜ್ಜುತ್ತ ದಾರಿ ಮಾಡುವುದು. ಓಡುವ ಕಲ್ಲಿಗೆ ಪೊರಕೆ ತಾಗಿದರೆ ಆ ಕಲ್ಲು ಕೆಟ್ಟಂತೆ. ತಾಗಿತೆಂದು ಹೇಳಬೇಕಾದವರು ತಾಗಿಸಿದವರೇ. ಬೇರೆ ಯಾರೂ ಕೇಳುವುದಿಲ್ಲ, ಕೇಳುವುದು ಅವಮಾನ. ೧೯೯೮ರ ಫೈನಲ್‌ನಲ್ಲಿ ಕೊನೆಯ ಕಲ್ಲು ಗುರಿಯ ನಡುಮಧ್ಯಕ್ಕೆ ಹೋಗಿ ನಿಂತಿತು. ವರ್ನಾಳ ತಂಡ ಗೆದ್ದು ಕುಣಿಯಿತು. ಆಗ ವರ್ನಾ ಬಲಗೈ ಎತ್ತಿದಳು. ಪೊರಕೆಯ ಒಂದು ಎಳೆ ತಾಗಿತ್ತಂತೆ. ನೋಡಿದವರು ಯಾರೂ ಇರಲಿಲ್ಲ. ಬಹುಮಾನದ ಕಪ್ಪು ಎದುರು ತಂಡದ ನಾಯಕ ವಾರೆನ್ ಫ್ಲೆಟ್‌ನ ಪಾಲಾಯಿತು. ವಾರೆನ್ ರೈಲ್ವೆಯಲ್ಲಿ ದುಡಿದ ಮುದುಕ, ಮೂಲನಿವಾಸಿಗಳೂ ವಲಸೆ ಬಂದ ಬಿಳಿಯರೂ ಬೆರೆತ ಮೆಟಿ ಜನಾಂಗದವನು, ವರ್ನಾಳ ಹಿಂದಿನ ಮನೆಯವನು. ಅಂದಿನಿಂದ ಇಂದಿನವರೆಗೂ ಆ ಕಪ್ಪಿನಲ್ಲೇ ಕಾಫಿ ಕುಡಿಯುತ್ತ ಕಿಟಕಿಯಿಂದ ವರ್ನಾಳಿಗೆ ಕೈಬೀಸುತ್ತಾನೆ.

ಇಷ್ಟು ತಿಳಿದರೆ ಜನವರಿಯ ಆ ವಾರದ ಮಹಾಯುದ್ಧ ಸಲೀಸಾಗಿ ಅರ್ಥವಾಗುತ್ತದೆ.

ಬಡಾವಣೆಯ ಕ್ಲಬ್ಬಿಗೆ ಬಯಲಲ್ಲೊಂದು ಐಸ್ ಅಂಗಳವಿದೆ. ಸುತ್ತ ಮರದ ಹಲಗೆಯ ಗೋಡೆ, ಮೂಲೆಯಲ್ಲಿ ಒಲೆ ಉರಿಯುವ ಒಂದು ಗುಡಿಸಲು. ಪ್ರತಿ ವರ್ಷ ಊರವರೇ ಪೈಪು ಹಿಡಿದು, ತೆಳ್ಳಗೆ ನೀರು ಬಿಟ್ಟು, ಹೆಪ್ಪುಗಟ್ಟಲು ಕಾದು, ಮತ್ತೆ ಬಿಟ್ಟು, ಪದರದ ಮೇಲೆ ಪದರ ಕಟ್ಟಬೇಕು. ವರ್ನಾ ನಡೆಯಲು ಕಲಿಯುವ ಮುಂಚೆಯೇ ಅಲ್ಲಿ ಜಾರಲು ಕಲಿತವಳು. ಮೆಟ್ರೊ ಮೊದಲ ಸಲ ಆಕೆಯೊಡನೆ ಮಾತಾಡಿದ್ದೂ ಅಲ್ಲೇ. “ಬಿದ್ದೆ,” ಎಂದಿದ್ದ, ಬಿದ್ದಲ್ಲಿಂದಲೇ.

ಈಗ ಪೈಪು ಹಿಡಿಯುವ ಕೈಗಳು ಕಡಿಮೆಯಾಗಿದ್ದವು. ಡಿಸೆಂಬರಿನಲ್ಲಿ ನಗರ ಕಚೇರಿಯಿಂದ ಪತ್ರ ಬಂತು. ಜನವರಿ ಎರಡನೆಯ ಶನಿವಾರ ತಪಾಸಣೆ. ಆ ದಿನ ಅಂಗಳದ ತುಂಬ ಭಾರ ತಾಳುವ ಐಸ್ ಇದ್ದರೆ ಸರಿ. ಇಲ್ಲವಾದರೆ ಪಟ್ಟಿಯಿಂದ ಹೆಸರು ತೆಗೆದು, ಬೇಸಗೆಯಲ್ಲಿ ಹಲಗೆ ಕಿತ್ತು, ಕಾರು ನಿಲ್ಲಿಸುವ ಜಾಗ ಮಾಡಲಾಗುವುದು.

“ಕಾರು ನಿಲ್ಸೋ ಜಾಗವಂತೆ!” ವರ್ನಾ ಪತ್ರವನ್ನು ಫ್ರಿಜ್ಜಿಗೆ ಅಂಟಿಸಿದಳು. “ಮೆಟ್ರೊ, ಪೈಪು ತೆಗಿ.”

ಮೂರು ವಾರ ಗಂಡಹೆಂಡಿರು ನೀರು ಬಿಟ್ಟರು. ತಪಾಸಣೆಯ ವಾರದ ಮಂಗಳವಾರ ಐಸ್ ಕನ್ನಡಿಯಂತೆ ಹೊಳೆಯಿತು. ‘ಹಿತ್ತಲ ಓಣಿ’ ಅಚ್ಚಿಗೆ ಹೋಗುವುದು ಬುಧವಾರ. ಮೊದಲ ಪುಟದ ತುಂಬ ವರ್ನಾ ಹಾಕಿಸಿದಳು: ‘ಐಸ್ ಸಿದ್ಧ! ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಎಲ್ಲರೂ ಬನ್ನಿ.’

ಗುರುವಾರ ಬೆಳಗ್ಗೆ ಆರುನೂರ ನಲವತ್ತು ಬಾಗಿಲಿಗೆ ಸುದ್ದಿ ಮುಟ್ಟಿಸಿ ಮನೆಗೆ ಬರುವಾಗ ಸೂರಿನಿಂದ ಒಂದು ತೊಟ್ಟು ನೀರು ಆಕೆಯ ಮೂಗಿನ ಮೇಲೆ ಬಿತ್ತು. ಜನವರಿಯ ವಿನಿಪೆಗ್‌ನಲ್ಲಿ ಸೂರು ತೊಟ್ಟಿಕ್ಕುವುದೆಂದರೆ ಪಂಚಾಂಗ ಕೆಟ್ಟಂತೆ. ಮಧ್ಯಾಹ್ನಕ್ಕೆ ಸೊನ್ನೆಗಿಂತ ಮೂರು ಡಿಗ್ರಿ ಮೇಲೆ. ಜನ ಕೋಟು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಬೀದಿಯಲ್ಲಿ ನಗುತ್ತ ನಿಂತರು. ಐಸ್ ಅಂಗಳದ ಮೇಲೆ ಮೋಡಗಳ ಪ್ರತಿಬಿಂಬ ತೇಲಿತು, ಏಕೆಂದರೆ ಅದು ಈಗ ಕೆರೆಯಾಗಿತ್ತು.

ಬೇಲಿಯ ಆಚೆ ವಾರೆನ್ ಫ್ಲೆಟ್ ಕಪ್ಪು ಹಿಡಿದು ಬಂದ. “ಏನ್ ಸಂಪಾದಕಮ್ಮಾ, ಪೇಪರ್ ಓದ್ದೆ. ಶನಿವಾರ ಸ್ಕೇಟ್ ತರ್ಲಾ, ದೋಣಿ ತರ್ಲಾ?”

“ಹಲ್ಲು ತಗೊಂಡು ಬಾ,” ಎಂದಳು ವರ್ನಾ. “ಶನಿವಾರ ನನ್ನ ಐಸ್ ನೋಡಿ ಬಾಯಿ ತೆರೀತೀಯಲ್ಲ, ಆಗ ಖಾಲಿ ಕಾಣ್ಬಾರ್ದು.”

“ತಿದ್ದುಪಡಿ ಹಾಕ್ಬಿಡು ಮಾರಾಯ್ತಿ. ಎರಡು ಸಾಲು. ಯಾರೂ ಸಾಯಲ್ಲ.”

“ಅಂಗಳ ಸಾಯುತ್ತೆ ಕಣೋ. ಆ ಆಫೀಸರೂ ಶನಿವಾರವೇ ಬರೋದು.”

ವಾರೆನ್ ಕಾಫಿ ಗುಟುಕರಿಸಿದ. “ನನ್ನ ಸೊಂಟ ಸರಿಯಿದ್ದಿದ್ರೆ...” ಎಂದು ಒಳಗೆ ಹೋದ.

ಶುಕ್ರವಾರ ಮುಂಜಾನೆ ಒದ್ದೆ ಹಿಮ ಸುರಿಯಿತು, ಮೊಣಕೈಯಷ್ಟು ದಪ್ಪ. ಮಧ್ಯಾಹ್ನದ ಹೊತ್ತಿಗೆ ಉತ್ತರದ ಗಾಳಿ ಬೀಸಿ ಚಳಿ ಧಡಾರನೆ ಕೆಳಗಿಳಿಯಿತು: ಮೈನಸ್ ಹತ್ತು, ಮೈನಸ್ ಹದಿನೆಂಟು, ಮೈನಸ್ ಇಪ್ಪತ್ತೈದು. ಊರೆಲ್ಲ ಹಲ್ಲು ಕಡಿಯಿತು. ವರ್ನಾ ಒಬ್ಬಳು ಮುಖ ಅರಳಿಸಿ ಎರಡು ಜೊತೆ ಉಣ್ಣೆ ಚಡ್ಡಿ ಏರಿಸಿದಳು.

ಕೆಲಸದ ಕ್ರಮ ಹೀಗೆ: ಮೊದಲು ಹಿಮವನ್ನೆಲ್ಲ ತಳಮಟ್ಟ ಎತ್ತಿ ಹೊರಗೆ ಹಾಕಬೇಕು, ಆಮೇಲೆ ನೀರು. ಹಿಮದ ಮೇಲೆ ನೀರು ಬಿಟ್ಟರೆ ಮೇಲೆ ಹಪ್ಪಳದಂಥ ಐಸ್ ಕಟ್ಟುತ್ತದೆ, ಒಳಗೆ ಟೊಳ್ಳು. ನೋಡಲು ಬಲು ಚೆಂದ, ಕಾಲಿಟ್ಟರೆ ಚಟ್ಟನೆ ಒಡೆಯುತ್ತದೆ. ಇದನ್ನು ಇಲ್ಲಿ ಹಾಲು ಕುಡಿಯುವ ಕೂಸೂ ಬಲ್ಲದು.

ಒಂದು ಗಂಟೆಯಿಂದ ಐದರವರೆಗೆ ಇಬ್ಬರೂ ಸಲಿಕೆ ಹಾಕಿದರು. ಪಕ್ಕದ ಮನೆಯ ಲಿಗಾಯಾ ಬಾಲ್ಮೊರೆಸ್ ಆಸ್ಪತ್ರೆಯ ಪಾಳಿ ಮುಗಿಸಿ ಬಂದು ನರ್ಸಿನ ಸಮವಸ್ತ್ರದ ಮೇಲೇ ಕೋಟು ಹಾಕಿಕೊಂಡು ಒಂದು ಗಂಟೆ ದುಡಿದಳು. ಫಿಲಿಪ್ಪೀನ್ಸಿನಿಂದ ಬಂದು ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಮೊದಲ ಬಾರಿ ಹಿಮ ನೋಡಿದವಳು, ಈಗ ಮೂವರು ಐಸ್ ಹಾಕಿ ಆಟಗಾರರ ತಾಯಿ. “ತೀತಾ, ಇನ್ನೂ ಹಾಗೇ ಗುಡ್ಡೆ ಇದೆಯಲ್ಲ!” ಎಂದಳು. ಚಿಕ್ಕಮ್ಮನನ್ನು ಅವರ ಕಡೆ ಹಾಗೆ ಕರೆಯುತ್ತಾರೆ. “ಮಕ್ಳಿಗೆ ಊಟ ಹಾಕ್ಬೇಕು, ಹೋಗ್ತೀನಿ. ನಾಳೆ ಬೆಳಗ್ಗೆ ಬರ್ತೀನಿ.”

ಕತ್ತಲಾಗಿತ್ತು. ಹಿಮ ತೆಗೆದ ಕಡೆಗೆಲ್ಲ ನೀರು ಬಿಟ್ಟಾಗಿತ್ತು, ಉಳಿದದ್ದು ಗುಡಿಸಲಿನ ಬದಿಯ ಮೂಲೆ ಮಾತ್ರ. ಮೆಟ್ರೊ ಸೊಂಟ ಹಿಡಿದುಕೊಂಡು ಸಲಿಕೆಗೆ ಒರಗಿದ್ದ. ಪೈಪು ಹೆಪ್ಪುಗಟ್ಟಲು ಶುರುವಾಗಿತ್ತು. ವರ್ನಾ ನೀರನ್ನು ಆ ಮೂಲೆಗೂ ತಿರುಗಿಸಿದಳು.

“ಅಡಿಯಲ್ಲಿ ಹಿಮ ಇದೆ,” ಎಂದ ಮೆಟ್ರೊ.

“ಇರ್ಲಿ.”

“ವರ್ನಾ.”

“ಇರ್ಲಿ ಅಂದ್ನಲ್ಲ! ಚಳಿ ಜೋರಿದೆ, ಅದೂ ಗಟ್ಟಿಯಾಗುತ್ತೆ.”

ಮೆಟ್ರೊ ಆ ದಿನದ ಪಾಲಿನ ಮಾತು ಖರ್ಚಾಗಿ ಸಲಿಕೆ ಹೆಗಲಿಗೇರಿಸಿದ.

ಶನಿವಾರ ಬೆಳಗ್ಗೆ ಎಂಟಕ್ಕೆ, ಮೈನಸ್ ಇಪ್ಪತ್ತೊಂಬತ್ತರಲ್ಲಿ, ಅಂಗಳ ಇಂದ್ರಸಭೆಯ ನೆಲದಂತೆ ಥಳಥಳಿಸಿತು. ವರ್ನಾ ತನ್ನ ಕರ್ಲಿಂಗ್ ಪೊರಕೆಯ ಹಿಡಿಯಿಂದ ಅಲ್ಲಲ್ಲಿ ಕುಟ್ಟುತ್ತ ನಡೆದಳು. ಟಕ್, ಟಕ್, ಟಕ್. ಗುಡಿಸಲಿನ ಮೂಲೆಗೆ ಬಂದಾಗ ಸದ್ದು ಬದಲಾಯಿತು. ಡಬ್. ಖಾಲಿ ಡಬ್ಬದ ಸದ್ದು.

ಗಂಡನ ಕಡೆ ನೋಡಿದಳು. ಗಂಡ ಬೂಟಿನ ಕಡೆ ನೋಡಿದ.

“ಮೇಜು ತಾ,” ಎಂದಳು ವರ್ನಾ ಮೆಲ್ಲಗೆ. “ಸೂಪಿನ ಮೇಜು ಇಲ್ಲೇ ಗೋಡೆಗೆ ಒತ್ತಿ ಹಾಕೋಣ. ಕಂಬಳಿ ಹಾಸಿ ಹಗುರ ಇಡು. ಈ ಕಡೆ ಯಾರೂ ಬರಲ್ಲ.”

ಹೀಗೆ ಟೊಳ್ಳು ಮೂಲೆಯ ಅಂಚಿನಲ್ಲಿ, ಗೋಡೆಗಂಟಿದ ಗಟ್ಟಿ ದಡದ ಮೇಲೆ, ಬೀಟ್‌ರೂಟಿನ ಕೆಂಪು ಸೂಪಿನ ಪಾತ್ರೆ ಕೋಟೆಯ ಫಿರಂಗಿಯಂತೆ ಪ್ರತಿಷ್ಠಾಪನೆಯಾಯಿತು. ಹಿಂದೆ ವರ್ನಾ, ಕೈಯಲ್ಲಿ ಸೌಟು. ಮುಂದೆ ಎರಡು ಕುರ್ಚಿ ಅಡ್ಡ.

ಹತ್ತಕ್ಕೆ ಜನ ಬಂದರು. ಲಿಗಾಯಾಳ ಮಕ್ಕಳು ಗುಂಡಿನಂತೆ ನುಗ್ಗಿದವು. ವಾರೆನ್ ಫ್ಲೆಟ್ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಬಂದ, ಬಾಯಿ ತೆರೆದ, ಹಲ್ಲಿತ್ತು. ಹತ್ತೂಕಾಲಿಗೆ ನಗರ ಕಚೇರಿಯ ಪೆನ್ನರ್ ಬಂದ: ಮೂವತ್ತೈದರ ಉದ್ದನೆಯ ಮನುಷ್ಯ, ಮೀಸೆಯ ಮೇಲೆ ಮಂಜು, ಕಂಕುಳಲ್ಲಿ ಫಾರಂ. ನಡೆದ, ಜಾರಿದ, ತಗ್ಗಿ ನೋಡಿದ, ನಡುವಿನಲ್ಲಿ ಮೂರು ಬಾರಿ ಎಗರಿದ. ಸೂಪು ಕುಡಿದ. ಎರಡನೆಯ ಬಟ್ಟಲೂ ಕುಡಿದ.

“ತುಂಬಾ ಚೆನ್ನಾಗಿದೆ, ಮಿಸೆಸ್ ಹೊಲೊವಾಚ್. ಗುರುವಾರದ ಬೆಚ್ಚನೆ ಹವೆ ನೋಡಿ ನಾನು ಇಲ್ಲೇನೂ ಇರಲ್ಲ ಅಂದ್ಕೊಂಡಿದ್ದೆ.” ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು, ಜೇಬಿನಿಂದ ಪೆನ್ಸಿಲ್ ತೆಗೆದ. “ಕೊನೇ ಪ್ರಶ್ನೆ. ಐಸ್ ಮಾಡಿದವರಿಗೆ ಗೊತ್ತಿರೋ ದೋಷ ಏನಾದ್ರೂ ಇದೆಯಾ? ಇಲ್ಲ ಅಂತ ಬರ್ಕೊಳ್ಲಾ?”

ವರ್ನಾ ಸೌಟನ್ನು ಪಾತ್ರೆಯೊಳಗೆ ಇಟ್ಟಳು. ‘ಇಲ್ಲ’ ಎಂದರೆ ಮುಗಿಯಿತು. ಅಂಗಳ ಉಳಿಯುತ್ತದೆ, ಸುದ್ದಿ ನಿಜವಾಗುತ್ತದೆ, ಹತ್ತೊಂಬತ್ತು ವರ್ಷ ಇಪ್ಪತ್ತಾಗುತ್ತದೆ. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಮೂಲೆ ಸರಿಮಾಡಿದರಾಯಿತು. ಯಾರು ನೋಡಿದ್ದಾರೆ? ಮೆಟ್ರೊ ಬಾಯಿ ಬಿಡುವವನಲ್ಲ. ಇಷ್ಟೆಲ್ಲ ಚೆನ್ನಾಗಿ ಲೆಕ್ಕ ಹಾಕುತ್ತಿದ್ದಂತೆಯೇ ಬಲಗೈ ತಾನಾಗಿ ಮೇಲೆದ್ದಿತು.

ವಾರೆನ್‌ನ ಚಮಚ ಬಾಯಿಯ ಹತ್ತಿರ ನಿಂತಿತು. “ಅಯ್ಯೋ ದೇವ್ರೇ, ಮತ್ತೆ ಎತ್ತಿದ್ಲಪ್ಪಾ ಕೈ!”

“ಇದೆ,” ಎಂದಳು ವರ್ನಾ. ಅಂಗಳದ ಆ ತುದಿಗೂ ಕೇಳಿಸಿತು. “ಈ ಮೂಲೆ ಟೊಳ್ಳು. ಹಿಮದ ಮೇಲೇ ನೀರು ಬಿಟ್ಟೆ. ಗೊತ್ತಿದ್ದೂ ಬಿಟ್ಟೆ. ಗೊತ್ತಿದ್ದೂ ಮೇಜು ಇಟ್ಟೆ.” ಕುರ್ಚಿ ಸರಿಸಿ, ಮೇಜಿನ ಮುಂದೆ ಬಂದು, ಬೂಟುಗಾಲು ಎತ್ತಿ ಕುಟ್ಟಿದಳು. ಐಸ್ ಗಾಜಿನಂತೆ ಒಡೆದು, ಸಂಪಾದಕಿ ಮೀನಖಂಡದವರೆಗೆ ಹೂತು ನಿಂತಳು.

ಜನ ಹಿಂದಕ್ಕೆ ಸರಿದರು. ಪೆನ್ನರ್ ಪೆನ್ಸಿಲ್ ಹಿಡಿದು ನಿಂತೇ ಇದ್ದ. “ನೀವು ಹೇಳ್ದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ.”

“ಅದಕ್ಕೇ ಹೇಳ್ದೆ.”

“ಆದ್ರೆ ಈಗ ನಾನು ಏನ್ ಬರೀಲಿ? ಅಂಗಳದ ತುಂಬ ಅಂತ ಇದೆ ಇಲ್ಲಿ.”

“ಎಷ್ಟು ಗಂಟೆಗೆ ಅಂತ ಇದೆಯಾ?”

ಪೆನ್ನರ್ ಫಾರಂ ತಿರುಗಿಸಿ ನೋಡಿದ. “ಇಲ್ಲ. ಶನಿವಾರ ಅಂತ ಅಷ್ಟೆ.”

“ಶನಿವಾರ ಇನ್ನೂ ಮುಗಿದಿಲ್ವಲ್ಲಪ್ಪ.”

“ನನ್ನ ಡ್ಯೂಟಿ ಎರಡು ಗಂಟೆಗೆ ಮುಗಿಯುತ್ತೆ, ಮಿಸೆಸ್ ಹೊಲೊವಾಚ್.”

“ಸಾಕು. ಮೂರನೇ ಬಟ್ಟಲು ತಗೊಂಡು ಒಳಗೆ ಒಲೆ ಹತ್ರ ಕೂತ್ಕೋ.” ವರ್ನಾ ಕಾಲು ಕಿತ್ತುಕೊಂಡು ಜನರ ಕಡೆ ತಿರುಗಿದಳು. “ಏನ್ ನೋಡ್ತಾ ನಿಂತಿದ್ದೀರಿ? ಮನೇಲಿ ಬಕೆಟ್ ಇಲ್ವಾ ಯಾರಿಗೂ?”

ಆಮೇಲಿನದನ್ನು ವರ್ಣಿಸಲು ‘ಹಿತ್ತಲ ಓಣಿ’ಯ ನಾಲ್ಕು ಪುಟ ಸಾಲದು. ವಾರೆನ್ ತನ್ನ ಶೆಡ್ಡಿನಿಂದ ರೈಲ್ವೆಯ ಕಬ್ಬಿಣದ ಸನಿಕೆ ತರಿಸಿ, ಕುರ್ಚಿಯ ಮೇಲೆ ಭೀಷ್ಮನಂತೆ ಕುಳಿತು ಸೇನೆ ನಡೆಸಿದ. “ಪೂರಾ ಒಡೀರಿ, ಅಂಚು ಬಿಡ್ಬೇಡಿ! ಟೊಳ್ಳು ಒಂದು ಚೂರು ಉಳಿದ್ರೂ ಈ ಹೆಂಗ್ಸು ಕೈ ಎತ್ತಿಬಿಡ್ತಾಳೆ!” ಒಡೆದದ್ದನ್ನು ಎತ್ತಿ ಹಾಕಿದರು. ಹಿಮಕ್ಕೆ ನೀರು ಕಲಸಿ ದೋಸೆಹಿಟ್ಟಿನ ಹದಕ್ಕೆ ತಂದು ಗುಂಡಿಗೆ ತುಂಬಿದರು. ಲಿಗಾಯಾ ಬೂಟುಗಾಲಲ್ಲಿ ತುಳಿದು ತುಳಿದು ಅದುಮಿದಳು. “ತೀತಾ, ನಿನ್ನೆ ನಾನು ಇನ್ನೂ ಅರ್ಧ ಗಂಟೆ ಇದ್ದಿದ್ರೆ ಇದೆಲ್ಲ ಆಗ್ತಿರ್ಲಿಲ್ಲ.”

“ನೀನು ಮಕ್ಳಿಗೆ ಊಟ ಹಾಕ್ದೆ. ತಪ್ಪು ಮಾಡಿದ್ದು ನಾನು. ತುಳಿ.”

ಮನೆಯ ನಲ್ಲಿಗಳಿಂದ ಹಿತ್ತಲ ಓಣಿಯುದ್ದಕ್ಕೂ ಬಕೆಟ್ಟುಗಳ ಸಾಲು ನಡೆಯಿತು. ಎಷ್ಟೋ ವರ್ಷದಿಂದ ಪತ್ರಿಕೆ ಓದುತ್ತ ಪೈಪು ಮುಟ್ಟದಿದ್ದವರು, ಸಂಪಾದಕಿ ಊರೆದುರು ಕಾಲು ಹೂತು ನಿಂತದ್ದನ್ನು ಕಣ್ಣಾರೆ ಕಂಡ ಸಂತೋಷದಲ್ಲಿ ಎರಡೆರಡು ಬಕೆಟ್ ಹೊತ್ತರು. ತೆಳ್ಳಗೆ ಒಂದು ಪದರ, ಇಪ್ಪತ್ತು ನಿಮಿಷ. ಮತ್ತೊಂದು, ಇಪ್ಪತ್ತು ನಿಮಿಷ. ಚಳಿ ನಿಯತ್ತಿನಿಂದ ದುಡಿಯಿತು. ಮೆಟ್ರೊ ಪ್ರತಿ ಪದರದ ಮೇಲೂ ಮೊಣಕಾಲೂರಿ ಅಂಗೈ ಇಟ್ಟು ನೋಡಿ ತಲೆಯಾಡಿಸಿದ.

ಕೊನೆಗೆ ವರ್ನಾ ಪೊರಕೆಯ ಹಿಡಿಯಿಂದ ಕುಟ್ಟಿದಳು. ಟಕ್.

“ಪೆನ್ನರ್!”

ಪೆನ್ನರ್ ಗುಡಿಸಲಿನಿಂದ ಬಂದ. ಮೂಲೆಯಲ್ಲಿ ಎಗರಿದ. ಒಂದು, ಎರಡು, ಮೂರು. ಆಮೇಲೆ ತಪಾಸಣೆಯ ನಿಯಮದಲ್ಲಿಲ್ಲದ ನಾಲ್ಕನೆಯದು, ಮೊಣಕಾಲು ಎದೆಗೆ ಮುಟ್ಟುವಂತೆ. ಐಸ್ ಮಿಸುಕಲಿಲ್ಲ. ಪೆನ್ಸಿಲ್ ತೆಗೆದು ಫಾರಂಗೆ ಸಹಿ ಹಾಕಿದ. “ದೋಷ ಇತ್ತು, ಸರಿಯಾಯ್ತು, ಅಂತ ಬರ್ದಿದ್ದೀನಿ. ಮುಂದಿನ ಚಳಿಗಾಲಕ್ಕೂ ನಿಮ್ಮ ಹೆಸರು ಪಟ್ಟಿಯಲ್ಲಿರುತ್ತೆ.” ಪೆನ್ಸಿಲ್ ಜೇಬಿಗಿಳಿಸಿ ಕೇಳಿದ, “ನೀರು ಬಿಡೋಕೆ ಹೊರಗಿನವರು ಬರ್ಬಹುದಾ?”

“ಕೈ ಎರಡಿದ್ರೆ ಬರ್ಬಹುದು.”

ವಾರೆನ್ ಕುರ್ಚಿಯಿಂದ ಮೆಲ್ಲಗೆ ಎದ್ದ. “ಗೆದ್ದವಳು ನೀನು. ಆಟದ ಪದ್ಧತಿ ಗೊತ್ತಲ್ಲ, ಗೆದ್ದವರು ಸೋತವರಿಗೆ ಕುಡಿಸ್ಬೇಕು.”

“ನೀನೇನು ಸೋತೆ?”

“ಇಪ್ಪತ್ತೇಳು ವರ್ಷದಿಂದ ಒಂದು ಅನುಮಾನ ಇಟ್ಕೊಂಡಿದ್ದೆ, ಅವತ್ತು ನೀನು ಜಂಬಕ್ಕೆ ಕೈ ಎತ್ತಿದ್ದು ಅಂತ. ಇವತ್ತು ಅದೂ ಹೋಯ್ತು.”

ಮುಂದಿನ ಗುರುವಾರದ ‘ಹಿತ್ತಲ ಓಣಿ’ಯಲ್ಲಿ ಹೆಸರಿನ ಕೆಳಗಿನ ಆ ಹಳೆಯ ಸಾಲು ಇರಲಿಲ್ಲ. ಅದೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ಹೀಗಿತ್ತು:

‘ತಿದ್ದುಪಡಿ. ಕಳೆದ ಸಂಚಿಕೆಯಲ್ಲಿ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಐಸ್ ಸಿದ್ಧ ಎಂದು ಪ್ರಕಟವಾಗಿತ್ತು. ಅದು ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷಕ್ಕೆ ಎಂದಿರಬೇಕಿತ್ತು. ತಪ್ಪು ಸಂಪಾದಕಿಯದು. ಐಸ್ ಎಲ್ಲರದು.’

ಅಂದೇ ಬೆಳಗ್ಗೆ ಎಂಟೂವರೆಗೆ ಫೋನು ಬಡಿದುಕೊಂಡಿತು. ಹಿಂದಿನ ಕಿಟಕಿಯಲ್ಲಿ ವಾರೆನ್, ಒಂದು ಕೈಯಲ್ಲಿ ಕಪ್ಪು, ಇನ್ನೊಂದರಲ್ಲಿ ಪತ್ರಿಕೆ, ಕಿವಿ ಮತ್ತು ಹೆಗಲ ನಡುವೆ ಫೋನು.

“ಒಂದು ನಲವತ್ತಲ್ಲ ಕಣಮ್ಮಾ, ನಲವತ್ತೆರಡು. ನನ್ನ ರೈಲ್ವೆ ಗಡಿಯಾರದಲ್ಲಿ ನೋಡಿದ್ದೀನಿ.”

ವರ್ನಾ ಫೋನು ಕುಕ್ಕಿದಳು. ಒಂದು ನಿಮಿಷ ಅಡುಗೆಮನೆಯಲ್ಲಿ ಅತ್ತಿಂದಿತ್ತ ನಡೆದಳು. ಮತ್ತೆ ಫೋನು ಎತ್ತಿ ನಗರ ಕಚೇರಿಯ ನಂಬರು ಒತ್ತಿದಳು.

“ಪೆನ್ನರ್ ಇದ್ದಾರಾ? ...ಹಾಂ, ಪೆನ್ನರ್, ಆ ಫಾರಂ ಮೇಲೆ ಸಹಿ ಹಾಕಿದ ಹೊತ್ತು ಬರ್ದಿದ್ದೀಯಲ್ಲ, ಸರಿಯಾಗಿ ನೋಡಿ ಹೇಳಪ್ಪ. ನಾನು ಕಾಯ್ತೀನಿ.”